ಬ್ಯಾಂಜೊ ಪ್ಯಾಟರ್ಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ನೋಡಲೆಂದು ಸಿಡ್ನಿಗೋ ಮೆಲ್ಬರ್ನ್‌ಗೋ ಹೋಗಿ ಬಂದವರು, ಅಲ್ಲೇ ನೆಲೆಸಿ ಮೊಮ್ಮಕ್ಕಳ ಶಾಲೆಯ ಪದ್ಯಪುಸ್ತಕ ತಿರುವಿ ಹಾಕಿದವರು, ಕ್ರಿಕೆಟ್ ಮೈದಾನದಲ್ಲಿ ಜನ ಒಕ್ಕೊರಲಿನಿಂದ ಹಾಡುವ ಹಾಡು ಯಾವುದೆಂದು ತಲೆ ಕೆರೆದುಕೊಂಡವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸುಲಭದವು ಮೊದಲು, ಜಗಳಕ್ಕೆ ಎಡೆಯಿರುವಂಥವು ಕೊನೆಗೆ.

## ಮೊದಲ ಪರಿಚಯ

ಹತ್ತು ಡಾಲರ್ ನೋಟಿನ ಮೇಲೆ ಹ್ಯಾಟ್ ಹಾಕಿಕೊಂಡಿರುವ ಆ ಮನುಷ್ಯ ಯಾರು?

ಆಂಡ್ರ್ಯೂ ಬಾರ್ಟನ್ ಪ್ಯಾಟರ್ಸನ್, ಆಸ್ಟ್ರೇಲಿಯಾದ ಕವಿ. ಓದುಗರಿಗೆ ಬ್ಯಾಂಜೊ ಪ್ಯಾಟರ್ಸನ್, ಮನೆಯವರಿಗೆ ಬಾರ್ಟಿ. ಹುಟ್ಟಿದ್ದು 1864ರ ಫೆಬ್ರವರಿ 17ರಂದು, ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಪಟ್ಟಣದ ಹತ್ತಿರ ನರಂಬ್ಲಾ ಎಂಬಲ್ಲಿ. ತೀರಿಕೊಂಡದ್ದು 1941ರ ಫೆಬ್ರವರಿ 5ರಂದು ಸಿಡ್ನಿಯಲ್ಲಿ, ಎಪ್ಪತ್ತೇಳು ತುಂಬಲು ಹನ್ನೆರಡು ದಿನ ಬಾಕಿ ಇದ್ದಾಗ. ತಂದೆ ಸ್ಕಾಟ್ಲೆಂಡಿನಿಂದ ವಲಸೆ ಬಂದವನು. ತಾಯಿ ರೋಸ್ ಬಾರ್ಟನ್, ಆಸ್ಟ್ರೇಲಿಯಾದ ಮೊದಲ ಪ್ರಧಾನಿ ಎಡ್ಮಂಡ್ ಬಾರ್ಟನ್‌ನ ಬಂಧು.

1993ರಲ್ಲಿ ಬಂದ ಪ್ಲಾಸ್ಟಿಕ್ ನೋಟಿನ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಕವಯಿತ್ರಿ ಮೇರಿ ಗಿಲ್ಮೋರ್. ಭೂತಗನ್ನಡಿ ಹಿಡಿದು ನೋಡಿದರೆ ನೋಟಿನ ಮೇಲೆ ಅವನ ಅತಿ ಪ್ರಸಿದ್ಧ ಕವಿತೆಯ ಸಾಲುಗಳೇ ಸೂಕ್ಷ್ಮಾಕ್ಷರದಲ್ಲಿ ಕಾಣುತ್ತವೆ. ನಕಲಿ ನೋಟು ತಡೆಯಲು ಕವಿತೆ ಬಳಸುವ ದೇಶ ನನಗೆ ಇಷ್ಟವಾಗುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಅದಕ್ಕೂ ಹಿಂದೆ 1966ರಿಂದ ಚಲಾವಣೆಯಲ್ಲಿದ್ದ ಕಾಗದದ ಹತ್ತು ಡಾಲರ್ ನೋಟಿನ ಮೇಲಿದ್ದವನು ಹೆನ್ರಿ ಲಾಸನ್, ಪ್ಯಾಟರ್ಸನ್ನನ ಜೊತೆ ಪತ್ರಿಕೆಯಲ್ಲಿ ಪದ್ಯದ ಜಗಳವಾಡಿದವನು. ಆ ಜಗಳದ ಕಥೆ ಮುಂದೆ ಬರುತ್ತದೆ.

ಬ್ಯಾಂಜೊ ಅಂದರೆ ವಾದ್ಯ ಅಲ್ವಾ? ಅದನ್ನು ಬಾರಿಸುತ್ತಿದ್ದರಾ?

ಹೆಸರು ಬಂದದ್ದು ವಾದ್ಯದಿಂದಲ್ಲ, ಕುದುರೆಯಿಂದ. ಮನೆಯವರು ಸಾಕಿದ್ದ ಒಂದು ಪಂದ್ಯದ ಕುದುರೆಯ ಹೆಸರು ಬ್ಯಾಂಜೊ. ಸಿಡ್ನಿಯ ‘ದಿ ಬುಲೆಟಿನ್’ ವಾರಪತ್ರಿಕೆಗೆ ಪದ್ಯ ಕಳಿಸತೊಡಗಿದಾಗ ತರುಣ ವಕೀಲ ಆ ಹೆಸರನ್ನೇ ಸಹಿಯಾಗಿಸಿಕೊಂಡ. ಅವನ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡ ಜನರಿಗೂ ಇದನ್ನೆಲ್ಲ ಬರೆಯುವ ಆಸಾಮಿ ಯಾರೆಂದು ವರ್ಷಗಟ್ಟಲೆ ಗೊತ್ತಿರಲಿಲ್ಲ. 1895ರಲ್ಲಿ ಪುಸ್ತಕ ಹೊರಬಂದಾಗಲೇ ಗುಟ್ಟು ರಟ್ಟಾದದ್ದು.

ಅಷ್ಟು ಕುದುರೆ, ಕುರಿ, ದನದ ಬಗ್ಗೆ ಬರೆದಿದ್ದಾನಲ್ಲ, ಅವನೇ ದನ ಕಾಯುತ್ತಿದ್ದನಾ?

ಇಲ್ಲ, ಅವನು ಸಿಡ್ನಿಯ ವಕೀಲ. 1886ರಲ್ಲಿ ಸನ್ನದು ಪಡೆದು, ಪಾಲುದಾರನೊಬ್ಬನ ಜೊತೆ ಕಚೇರಿ ತೆರೆದು, ಸಾಲ ವಸೂಲಿಯ ನೋಟಿಸುಗಳನ್ನು ಕಳಿಸುತ್ತ ಕೂತಿದ್ದವನು. ಆದರೆ ಬಾಲ್ಯ ಕಳೆದದ್ದು ಹಳ್ಳಿಗಾಡಿನಲ್ಲಿ. ಯಾಸ್ ಪಟ್ಟಣದ ಸೀಮೆಯ ಇಲ್ಲಾಲಾಂಗ್ ಎಂಬ ಕುರಿ ಜಮೀನು ಸಿಡ್ನಿ–ಮೆಲ್ಬರ್ನ್ ಹೆದ್ದಾರಿಗೆ ಹತ್ತಿರವಿತ್ತು. ಎತ್ತಿನ ಗಾಡಿಗಳ ಸಾಲು, ಕಾಬ್ ಆ್ಯಂಡ್ ಕೋ ಕಂಪನಿಯ ಸಾರೋಟುಗಳು, ಪೊಲೀಸು ಕಾವಲಿನಲ್ಲಿ ಸಾಗುವ ಚಿನ್ನದ ಗಾಡಿಗಳು, ನೂರಾರು ಮೈಲಿ ದನ ಹೊಡೆದುಕೊಂಡು ಬರುವವರು, ಎಲ್ಲರೂ ಹುಡುಗನ ಕಣ್ಣೆದುರೇ ಹಾದುಹೋಗುತ್ತಿದ್ದರು. ಮರ್ರಂಬಿಜಿ ನದಿಯ ಕಡೆಯಿಂದಲೂ ಸ್ನೋಯಿ ಬೆಟ್ಟಗಳಿಂದಲೂ ಬರುವ ಸವಾರರನ್ನು ಊರ ಜೂಜಿನ ಪಂದ್ಯಗಳಲ್ಲಿ ನೋಡುತ್ತಿದ್ದ.

ಹತ್ತು ವರ್ಷದ ಹೊತ್ತಿಗೆ ಓದಿಗೆಂದು ಅವನನ್ನು ಸಿಡ್ನಿಗೆ ಕಳಿಸಿದರು. ಗ್ಲೇಡ್ಸ್‌ವಿಲ್‌ನಲ್ಲಿ ಅಜ್ಜಿ ಎಮಿಲಿ ಬಾರ್ಟನ್‌ಳ ಮನೆಯಲ್ಲಿದ್ದುಕೊಂಡು ಸಿಡ್ನಿ ಗ್ರಾಮರ್ ಸ್ಕೂಲಿಗೆ ಹೋಗುತ್ತಿದ್ದ. ಅಜ್ಜಿಯೂ ಕವಿತೆ ಬರೆಯುತ್ತಿದ್ದವಳೇ. ಅಂದರೆ ಹಳ್ಳಿ ಅವನಿಗೆ ಅನ್ನ ಕೊಟ್ಟ ಜಾಗವಲ್ಲ, ರಜೆಗೆ ಮರಳುತ್ತಿದ್ದ ಜಾಗ. ಅವನ ಕವಿತೆಯ ಬಲ, ಮಿತಿ ಎರಡೂ ಇಲ್ಲೇ ಇವೆ ಎಂಬುದು ನನ್ನ ಅಭಿಪ್ರಾಯ. ಬಲಗೈ ಚಿಕ್ಕಂದಿನಲ್ಲೇ ಪೆಟ್ಟು ತಿಂದು ಗಿಡ್ಡವಾಗಿದ್ದರೂ ಅವನು ಒಳ್ಳೆಯ ಸವಾರ, ಪೋಲೋ ಆಟಗಾರ. ಸಿಡ್ನಿಯ ಪಂದ್ಯಗಳಲ್ಲಿ ಹವ್ಯಾಸಿಯಾಗಿ ಕುದುರೆ ಓಡಿಸಿದವನು.

ಯಾವ ಪದ್ಯದಿಂದ ಓದಲು ಶುರು ಮಾಡಬೇಕು?

ಎಲ್ಲರೂ ‘ದಿ ಮ್ಯಾನ್ ಫ್ರಮ್ ಸ್ನೋಯಿ ರಿವರ್’ ಎನ್ನುತ್ತಾರೆ. ನಾನು ತಮಾಷೆಯ ಪದ್ಯಗಳಿಂದ ಶುರು ಮಾಡಿ ಎನ್ನುತ್ತೇನೆ. ‘ಮಲ್ಗಾ ಬಿಲ್ಸ್ ಬೈಸಿಕಲ್’ನಲ್ಲಿ ಈಗಲ್‌ಹಾಕ್ ಊರಿನ ಮಲ್ಗಾ ಬಿಲ್ ಎಂಬವನಿಗೆ ಸೈಕಲ್ಲಿನ ಹುಚ್ಚು ಹತ್ತುತ್ತದೆ. ಕಾಲಕಾಲದಿಂದ ಸೇವೆ ಮಾಡಿದ ಕುದುರೆಯನ್ನು ದೂರ ಅಟ್ಟಿ, ಸೈಕಲ್ ಸವಾರರ ಉಡುಪು ತೊಟ್ಟು, ಹೊಳೆಯುವ ಗಾಡಿ ಕೊಂಡು, ನಾನು ಏರದ ವಾಹನವೇ ಇಲ್ಲ ಎಂದು ಅಂಗಡಿಯವನ ಮುಂದೆ ಜಂಬ ಕೊಚ್ಚುತ್ತಾನೆ. ಆಮೇಲೆ ಇಳಿಜಾರು, ಆಮೇಲೆ ಹಳ್ಳದ ನೀರು. ಸೈಕಲ್ಲು ಅಲ್ಲೇ ಬಿದ್ದಿರಲಿ, ನನಗೆ ಕುದುರೆಯೇ ಸಾಕು ಎನ್ನುವಲ್ಲಿಗೆ ಪದ್ಯ ಮುಗಿಯುತ್ತದೆ. 1896ರಲ್ಲಿ ಆಸ್ಟ್ರೇಲಿಯಾಕ್ಕೆಲ್ಲ ಸೈಕಲ್ ಜ್ವರ ಬಂದಿದ್ದಾಗ ಬರೆದದ್ದು. ಬೇರೆ ಯಾವ ಹಿನ್ನೆಲೆಯೂ ಗೊತ್ತಿಲ್ಲದೆ ನಗಬಹುದು.

‘ದಿ ಮ್ಯಾನ್ ಫ್ರಮ್ ಐರನ್‌ಬಾರ್ಕ್’ನಲ್ಲಿ ಹಳ್ಳಿಯವನನ್ನು ಸಿಡ್ನಿಯ ಕ್ಷೌರಿಕ ಚೇಷ್ಟೆ ಮಾಡಲು ಹೋಗಿ ಅಂಗಡಿಯನ್ನೇ ಪುಡಿಪುಡಿ ಮಾಡಿಸಿಕೊಳ್ಳುತ್ತಾನೆ. ‘ಎ ಬುಷ್ ಕ್ರಿಸ್ಟನಿಂಗ್’ನಲ್ಲಿ ಹತ್ತು ವರ್ಷವಾದರೂ ನಾಮಕರಣವಾಗದ ಹುಡುಗ ಪಾದ್ರಿಯನ್ನು ಕಂಡು ಟೊಳ್ಳು ಮರದ ದಿಮ್ಮಿಯೊಳಗೆ ಅವಿತುಕೊಳ್ಳುತ್ತಾನೆ. ಗಡಿಬಿಡಿಯಲ್ಲಿ ಪಾದ್ರಿ ಎಸೆದದ್ದು ವಿಸ್ಕಿ ಬುಡ್ಡಿ, ಹುಡುಗನಿಗೆ ಉಳಿದದ್ದು ಆ ವಿಸ್ಕಿಯ ಹೆಸರು. ಇವನ್ನು ಓದಿ ಲಯ ಕಿವಿಗೆ ಹತ್ತಿದ ಮೇಲೆ ‘ಕ್ಲಾನ್ಸಿ ಆಫ್ ದಿ ಓವರ್‌ಫ್ಲೋ’, ಅದಾದ ಮೇಲೆ ‘ಸ್ನೋಯಿ ರಿವರ್’. ಮನಸ್ಸಿನಲ್ಲೇ ಓದಿಕೊಳ್ಳಬೇಡಿ, ಬಾಯಿಬಿಟ್ಟು ಓದಿ.

## ಕವಿತೆಗಳ ಒಳಗೆ

‘ಸ್ನೋಯಿ ರಿವರ್’ ಪದ್ಯದಲ್ಲಿ ನಿಜಕ್ಕೂ ಏನಾಗುತ್ತದೆ? ಬರೀ ಕುದುರೆ ಓಡಿಸುವುದಕ್ಕೆ ಇಷ್ಟೊಂದು ಹೆಸರಾ?

ಹೌದು, ಬರೀ ಕುದುರೆ ಓಡಿಸುವುದೇ. ಸಾವಿರ ಪೌಂಡ್ ಬೆಲೆಯ ಮರಿಗುದುರೆಯೊಂದು ತಪ್ಪಿಸಿಕೊಂಡು ಬೆಟ್ಟದ ಕಾಡುಕುದುರೆಗಳ ಹಿಂಡಿಗೆ ಸೇರಿಬಿಟ್ಟಿದೆ. ಹಿಡಿಯಲು ಸುತ್ತಲಿನ ಹೆಸರಾಂತ ಸವಾರರೆಲ್ಲ ಸೇರುತ್ತಾರೆ. ಅವರ ನಡುವೆ ಬಡಕಲು ಕುದುರೆಯ ಮೇಲೆ ಒಬ್ಬ ಎಳೆಯ ಹುಡುಗ. ಜಮೀನಿನ ಯಜಮಾನ, ನಿನ್ನ ಕುದುರೆಗೆ ಇದು ಆಗದ ಮಾತು, ಹಿಂದೆ ಉಳಿ ಎನ್ನುತ್ತಾನೆ. ಕ್ಲಾನ್ಸಿ ಎಂಬ ಅನುಭವಿ ಹುಡುಗನ ಪರ ನಿಲ್ಲುತ್ತಾನೆ: ಇವನು ಕಾಸಿಯುಸ್ಕೊ ಶಿಖರದ ಪಕ್ಕದವನು, ಅಲ್ಲಿಯ ಕಲ್ಲಿನಲ್ಲಿ ಓಡಿದ ಕುದುರೆಗೆ ಎಲ್ಲಿಯ ನೆಲವೂ ಸಲೀಸು. ಹಿಂಡು ಕಡಿದಾದ ಇಳಿಜಾರಿನ ತುದಿಗೆ ಬಂದಾಗ ಕ್ಲಾನ್ಸಿಯೂ ಲಗಾಮು ಎಳೆಯುತ್ತಾನೆ. ಪೊದೆಯಡಿ ವೊಂಬ್ಯಾಟ್ ಪ್ರಾಣಿಗಳ ಬಿಲಗಳು, ಒಂದು ಹೆಜ್ಜೆ ತಪ್ಪಿದರೆ ಸಾವು. ಹುಡುಗ ಮಾತ್ರ ಕುದುರೆಯನ್ನು ಕೆಳಗಿಳಿಸುತ್ತಾನೆ. ಒಬ್ಬನೇ ಹಿಂಡನ್ನು ಬೆನ್ನಟ್ಟಿ, ದಣಿಸಿ, ತಿರುಗಿಸಿ, ಮನೆ ಮುಟ್ಟಿಸುತ್ತಾನೆ.

ಕವಿ ಹುಡುಗನಿಗೆ ಹೆಸರು ಕೊಡುವುದಿಲ್ಲ, ಅವನ ಬಾಯಲ್ಲಿ ಒಂದು ಮಾತನ್ನೂ ಆಡಿಸುವುದಿಲ್ಲ. ಇಳಿಜಾರಿನ ಆ ಭಾಗದಲ್ಲಿ ವಾಕ್ಯಗಳೂ ಉಸಿರು ತೆಗೆದುಕೊಳ್ಳದೆ ಇಳಿಯುತ್ತವೆ, ಓದುವವನಿಗೆ ನಿಲ್ಲಲು ಎಡೆ ಸಿಗುವುದಿಲ್ಲ. ವೇಗವನ್ನು ಪದ್ಯದಲ್ಲಿ ಕಟ್ಟುವುದರಲ್ಲಿ ಪ್ಯಾಟರ್ಸನ್‌ಗೆ ಸಮನಾದವರು ಕಡಿಮೆ. 1890ರ ಏಪ್ರಿಲ್ 26ರ ಬುಲೆಟಿನ್‌ನಲ್ಲಿ ಅಚ್ಚಾದ ಈ ಪದ್ಯದ ಸ್ಮರಣೆಯಲ್ಲೇ 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಗೆ ಒಬ್ಬ ಒಂಟಿ ಸವಾರ ಮೈದಾನಕ್ಕೆ ನುಗ್ಗಿದ್ದು.

ಆ ಹುಡುಗ ನಿಜವಾಗಿ ಇದ್ದನಾ?

ವಿಕ್ಟೋರಿಯಾ ರಾಜ್ಯದ ಕೊರಿಯಾಂಗ್ ಊರಿನವರನ್ನು ಕೇಳಿದರೆ, ಇದ್ದ, ಅವನೇ ಜಾಕ್ ರೈಲಿ ಎಂದು ಅಲ್ಲಿನ ಸಮಾಧಿ ತೋರಿಸುತ್ತಾರೆ. ಪ್ರತಿವರ್ಷ ಉತ್ಸವವನ್ನೂ ಮಾಡುತ್ತಾರೆ. ಬೆಟ್ಟದಲ್ಲಿ ಒಂಟಿಯಾಗಿ ಬದುಕಿದ ಐರಿಶ್ ಮೂಲದ ದನಗಾಹಿ ರೈಲಿಯನ್ನು ಪ್ಯಾಟರ್ಸನ್ ಭೇಟಿಯಾಗಿದ್ದ ಎಂಬ ಮಾತು ಬಲವಾಗಿದೆ. ಬೇರೆ ಊರುಗಳವರಿಗೆ ಬೇರೆ ಬೇರೆ ಹಕ್ಕುದಾರರಿದ್ದಾರೆ. ಕವಿಯ ವಿವರಣೆ ಸರಳವಾಗಿತ್ತು: ತನ್ನ ಸೀಮೆಯಲ್ಲಿ ಕಾಡುಕುದುರೆ ಹಿಡಿಯುವುದನ್ನು ಬರೆಯಹೊರಟೆ, ಅದಕ್ಕೆ ಎಲ್ಲರಿಗಿಂತ ಚೆನ್ನಾಗಿ ಸವಾರಿ ಮಾಡುವ ಒಬ್ಬ ಬೇಕಿದ್ದ, ಅಂಥವನು ಸ್ನೋಯಿ ಸೀಮೆಯಿಂದಲ್ಲದೆ ಇನ್ನೆಲ್ಲಿಂದ ಬಂದಾನು ಎಂದು. ನನಗೆ ಇದೇ ನಂಬುವಂತೆ ಕಾಣುತ್ತದೆ.

ಕ್ಲಾನ್ಸಿ ಯಾರು? ಎರಡು ಪದ್ಯಗಳಲ್ಲಿ ಬರುತ್ತಾನಲ್ಲ.

1889ರ ಡಿಸೆಂಬರ್ 21ರಂದು ಬುಲೆಟಿನ್‌ನಲ್ಲಿ ಬಂದ ‘ಕ್ಲಾನ್ಸಿ ಆಫ್ ದಿ ಓವರ್‌ಫ್ಲೋ’ ಅವನ ಮೊದಲ ಪ್ರವೇಶ. ಓವರ್‌ಫ್ಲೋ ಎಂಬುದು ನ್ಯೂ ಸೌತ್ ವೇಲ್ಸ್‌ನ ‘ನಿಮಗೀ’ ಎಂಬ ಊರಿನ ಕಡೆಯ ಕುರಿ ಜಮೀನು. ವಕೀಲರ ಕಚೇರಿಯಿಂದ ಅಲ್ಲಿಗೆ ಹೋದ ಒಂದು ಪತ್ರಕ್ಕೆ ಬಂದ ಉತ್ತರವೇ ಪದ್ಯದ ಬೀಜ ಎನ್ನುತ್ತಾರೆ. ಪದ್ಯದಲ್ಲೂ ಹಾಗೆಯೇ. ಉಗುರನ್ನು ಡಾಂಬರಿನಲ್ಲಿ ಅದ್ದಿ ಬರೆದಂಥ ಅಕ್ಷರದಲ್ಲಿ, ವ್ಯಾಕರಣದ ಹಂಗಿಲ್ಲದೆ, ಕ್ಲಾನ್ಸಿ ದನ ಹೊಡೆದುಕೊಂಡು ಕ್ವೀನ್ಸ್‌ಲೆಂಡಿಗೆ ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ ಎಂದು ಗೆಳೆಯನೊಬ್ಬ ಬರೆದು ಕಳಿಸುತ್ತಾನೆ.

ಓದಿದ ಕೂಡಲೇ ಗುಮಾಸ್ತನ ಕಣ್ಣಿಗೆ ಬಿಸಿಲಿನ ಬಯಲು ಕಟ್ಟುತ್ತದೆ, ರಾತ್ರಿಯ ನಕ್ಷತ್ರ ಕಾಣುತ್ತದೆ. ಎದುರಿಗಿರುವುದು ಮಾತ್ರ ಎತ್ತರದ ಮನೆಗಳ ನಡುವೆ ಜಿಪುಣತನದಿಂದ ಇಳಿಯುವ ಒಂದು ಎಳೆ ಬೆಳಕು, ಧೂಳು, ಟ್ರಾಮಿನ ಗದ್ದಲ. ಕ್ಲಾನ್ಸಿಯ ಜೊತೆ ಜಾಗ ಬದಲಿಸಿಕೊಂಡರೆ ಹೇಗೆ ಎಂದು ಆಸೆಪಡುತ್ತಾನೆ. ಆದರೆ ಲೆಕ್ಕದ ಪುಸ್ತಕ ಕ್ಲಾನ್ಸಿಗೆ ಒಗ್ಗೀತೇ ಎಂಬ ಅನುಮಾನವೂ ಅವನಿಗೇ. ಆ ಕೊನೆಯ ಅನುಮಾನ ಇಲ್ಲದಿದ್ದರೆ ಇದು ಬರೀ ಗೋಳಿನ ಪದ್ಯವಾಗುತ್ತಿತ್ತು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಮಲೆನಾಡಿನ ಕನಸು ಕಾಣುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಾಸನ್ ಜೊತೆ ಜಗಳ ಏನು? ನಿಜವಾದ ದ್ವೇಷವಾ, ನಾಟಕವಾ?

ಅರ್ಧ ನಾಟಕ. ಆದರೆ ಅಭಿಪ್ರಾಯಭೇದ ಸಾಚಾ. 1892ರ ಜುಲೈ 9ರಂದು ಲಾಸನ್ ಬುಲೆಟಿನ್‌ನಲ್ಲಿ ಒಂದು ಪದ್ಯ ಬರೆದ. ಕವಿಗಳು ಹಾಡಿ ಹೊಗಳುವ ಒಳನಾಡಿಗೆ ಹೋಗಿ ಬಂದೆ, ಅಲ್ಲಿರುವುದು ಬರ, ಬಿಸಿಲು, ನೊಣ, ಸುಸ್ತಾದ ಹೆಂಗಸರು ಎಂಬುದು ಅದರ ಸಾರ. ಎರಡು ವಾರಕ್ಕೆ ಪ್ಯಾಟರ್ಸನ್ನನ ಉತ್ತರ ಬಂತು: ನಿನ್ನಂಥವರಿಗೆ ಪಟ್ಟಣವೇ ಸರಿ, ಮಳೆ ಬಂದಾಗ ಬಂದು ನೋಡು. ಲಾಸನ್ ಮತ್ತೆ, ಪ್ಯಾಟರ್ಸನ್ ಮತ್ತೆ. ನಡುವೆ ಎಡ್ವರ್ಡ್ ಡೈಸನ್ ಮೊದಲಾದ ಕವಿಗಳೂ ಕೈ ಹಾಕಿದರು. ಓದುಗರಿಗೆ ವಾರವಾರ ಹಬ್ಬ.

1939ರಲ್ಲಿ ಮುದುಕ ಪ್ಯಾಟರ್ಸನ್ ಒಳಗುಟ್ಟು ಹೇಳಿದ. ಈ ಯೋಚನೆ ಲಾಸನ್‌ನದು. ಪತ್ರಿಕೆ ಸಾಲಿನ ಲೆಕ್ಕದಲ್ಲಿ ಹಣ ಕೊಡುತ್ತಿತ್ತು, ಇಬ್ಬರೂ ಪರಸ್ಪರ ಬೈದುಕೊಂಡರೆ ಇಬ್ಬರಿಗೂ ಸಂಪಾದನೆ. ಅದೇ ಬರಹದಲ್ಲಿ ಇನ್ನೂ ತೂಕದ ಮಾತೊಂದನ್ನು ಆಡಿದ್ದಾನೆ. ಲಾಸನ್ ಒಳನಾಡನ್ನು ಕಂಡದ್ದು ಕಾಲ್ನಡಿಗೆಯಲ್ಲಿ, ತಾನು ಕಂಡದ್ದು ಕುದುರೆಯ ಮೇಲೆ. ವ್ಯತ್ಯಾಸ ಅಲ್ಲಿಂದಲೇ ಹುಟ್ಟಿತು ಎಂದು. ಗ್ರೆನ್‌ಫೆಲ್‌ನ ಚಿನ್ನದ ಗಣಿ ಡೇರೆಗಳಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕಿವಿ ಮಂದವಾಗಿ, ಕೂಲಿ ಮಾಡಿ ಬೆಳೆದ ಲಾಸನ್‌ಗೆ ಹಳ್ಳಿ ರಜೆಯ ಜಾಗವಾಗಿರಲಿಲ್ಲ. ಗೆದ್ದವರು ಯಾರು ಎಂದು ಕೇಳುವವರಿಗೆ ನನ್ನ ಉತ್ತರ: ಬರಗಾಲದ ವರ್ಷ ಲಾಸನ್, ಮಳೆ ಬಂದ ವರ್ಷ ಪ್ಯಾಟರ್ಸನ್.

ಪದ್ಯದ ಪುಸ್ತಕ ಅಷ್ಟೊಂದು ಮಾರಾಟವಾಯಿತಾ? ನಂಬುವುದು ಕಷ್ಟ.

1895ರ ಅಕ್ಟೋಬರ್‌ನಲ್ಲಿ ಆಂಗಸ್ ಆ್ಯಂಡ್ ರಾಬರ್ಟ್‌ಸನ್ ಪ್ರಕಾಶನ ಅವನ ಮೊದಲ ಸಂಕಲನ ತಂದಾಗ ಮೊದಲ ಮುದ್ರಣ ಒಂದೇ ವಾರದಲ್ಲಿ ಖರ್ಚಾಯಿತು. ಕೆಲವೇ ತಿಂಗಳಲ್ಲಿ 7,000 ಪ್ರತಿಗಳು ಹೋದವು. ಅಷ್ಟು ಚದುರಿದ, ಅಷ್ಟು ಕಡಿಮೆ ಜನರ ದೇಶದಲ್ಲಿ ಇದು ದೊಡ್ಡ ಸಂಖ್ಯೆ.

ಕಾರಣ ಬುಲೆಟಿನ್. 1880ರಲ್ಲಿ ಶುರುವಾದ ಆ ಪತ್ರಿಕೆ ಓದುಗರಿಂದಲೇ ಪದ್ಯ, ಕಥೆ, ತಮಾಷೆ ಬರೆಸುತ್ತಿತ್ತು. ಉಣ್ಣೆ ಕತ್ತರಿಸುವ ಕೊಟ್ಟಿಗೆಗಳಲ್ಲಿ ಒಂದೇ ಪ್ರತಿ ಹತ್ತಾರು ಕೈ ಬದಲಾಗುತ್ತಿತ್ತು. ರಾತ್ರಿ ಬೆಂಕಿಯ ಸುತ್ತ ಕೂತವರಲ್ಲಿ ಓದು ಬಂದವನು ಓದುತ್ತಿದ್ದ, ಉಳಿದವರು ಕೇಳಿ ಕಂಠಸ್ಥ ಮಾಡಿಕೊಳ್ಳುತ್ತಿದ್ದರು. ನಮ್ಮ ಲಾವಣಿಕಾರರ ಪದಗಳು ಸಂತೆಯಿಂದ ಸಂತೆಗೆ ಹೋದ ಹಾಗೆಯೇ ಈ ಪದ್ಯಗಳೂ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋದವು. ಪುಸ್ತಕ ಬರುವ ಹೊತ್ತಿಗೆ ಜನರಿಗೆ ಅರ್ಧ ಪುಸ್ತಕ ಬಾಯಿಗೆ ಬರುತ್ತಿತ್ತು.

## ‘ವಾಲ್ಟ್ಸಿಂಗ್ ಮಟಿಲ್ಡಾ’

ಹಾಡು ಖುಷಿಯಾಗಿದೆ, ಆದರೆ ಕಥೆ ಸಾವಿನದಂತೆ. ಹೌದಾ?

ಹೌದು. ಮೈದಾನದಲ್ಲಿ ಜನ ಒಕ್ಕೊರಲಿನಿಂದ ಹಾಡುವುದು ಪ್ಯಾಟರ್ಸನ್ನನ ಈ ಹಾಡನ್ನೇ. ಬೆನ್ನಿಗೆ ಮಟಿಲ್ಡಾ, ಅಂದರೆ ಹಾಸಿಗೆ ಗಂಟು, ಕಟ್ಟಿಕೊಂಡು ಕೆಲಸ ಹುಡುಕುತ್ತ ಅಲೆಯುವವನೊಬ್ಬ ಮಡುವಿನ ಪಕ್ಕ ಚಹಾಕ್ಕೆ ನೀರಿಟ್ಟು ಕೂತಿದ್ದಾನೆ. ನೀರು ಕುಡಿಯಲು ಬಂದ ಕುರಿಯನ್ನು ಹಿಡಿದು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಜಮೀನಿನ ಒಡೆಯ ಕುದುರೆ ಏರಿ ಬರುತ್ತಾನೆ, ಹಿಂದೆ ಮೂವರು ಪೊಲೀಸರು. ಸಿಕ್ಕಿಬೀಳುವ ಬದಲು ಅವನು ಮಡುವಿಗೆ ಹಾರಿ ಪ್ರಾಣ ಬಿಡುತ್ತಾನೆ. ಅವನ ದೆವ್ವ ಈಗಲೂ ಅಲ್ಲಿ ಹಾಡುತ್ತಿದೆಯಂತೆ. ಪಾರ್ಟಿಗಳಲ್ಲಿ ಚಪ್ಪಾಳೆ ತಟ್ಟಿ ಹಾಡುವವರಲ್ಲಿ ಅನೇಕರು ಇದನ್ನು ಗಮನಿಸಿರುವುದಿಲ್ಲ.

ಇದು ಹುಟ್ಟಿದ್ದು ಎಲ್ಲಿ? ರಾಗವೂ ಪ್ಯಾಟರ್ಸನ್ನನದೇ?

ರಾಗ ಅವನದಲ್ಲ. 1895ರಲ್ಲಿ ಕ್ವೀನ್ಸ್‌ಲೆಂಡಿನ ವಿಂಟನ್ ಸೀಮೆಯ ಡ್ಯಾಗ್‌ವರ್ತ್ ಕುರಿ ಜಮೀನಿಗೆ ಅವನು ಅತಿಥಿಯಾಗಿ ಹೋಗಿದ್ದ. ಆ ಮನೆಯ ಕ್ರಿಸ್ಟಿನಾ ಮ್ಯಾಕ್‌ಫರ್ಸನ್ ಹಿಂದಿನ ವರ್ಷ ವಾರ್ನಂಬೂಲ್ ಕುದುರೆ ಪಂದ್ಯದಲ್ಲಿ ಬ್ಯಾಂಡಿನವರು ನುಡಿಸಿದ್ದ ಒಂದು ಸ್ಕಾಟಿಷ್ ಧಾಟಿಯನ್ನು ನೆನಪಿನಿಂದ ನುಡಿಸಿದಳು. ಪ್ಯಾಟರ್ಸನ್ ಅದಕ್ಕೆ ಮಾತು ಕೂಡಿಸಿದ. ಆಗ ಅವನಿಗೆ ಸಾರಾ ರೈಲಿ ಎಂಬುವಳ ಜೊತೆ ವರ್ಷಗಳ ಹಿಂದೆಯೇ ನಿಶ್ಚಯವಾಗಿತ್ತು. ಅವಳು ಕ್ರಿಸ್ಟಿನಾಳ ಶಾಲೆಯ ಗೆಳತಿ. ಆಮೇಲೆ ಆ ನಿಶ್ಚಿತಾರ್ಥ ಮುರಿದುಬಿತ್ತು. ಹಾಡಿಗೂ ಇದಕ್ಕೂ ಗಂಟು ಹಾಕುವ ಕಥೆಗಳು ಬೇಕಾದಷ್ಟಿವೆ, ಊಹೆಗೆ ಸುಂಕವಿಲ್ಲ.

ಹಾಡಿನ ಹಿಂದೆ ಕಾರ್ಮಿಕರ ಮುಷ್ಕರ ಇದೆ ಅಂತಾರಲ್ಲ?

1894ರಲ್ಲಿ ಉಣ್ಣೆ ಕತ್ತರಿಸುವವರ ಮುಷ್ಕರ ಜೋರಾಗಿತ್ತು. ಸೆಪ್ಟೆಂಬರ್‌ನಲ್ಲಿ ಮುಷ್ಕರದವರು ಡ್ಯಾಗ್‌ವರ್ತ್‌ನ ಉಣ್ಣೆ ಕೊಟ್ಟಿಗೆಗೇ ಬೆಂಕಿ ಇಟ್ಟರು. ಆ ಬೆನ್ನಿಗೇ ಸ್ಯಾಮುಯೆಲ್ ಹಾಫ್‌ಮೈಸ್ಟರ್ ಎಂಬ ಮುಷ್ಕರಗಾರ ಅದೇ ಸೀಮೆಯಲ್ಲಿ ಗುಂಡೇಟಿನಿಂದ ಸತ್ತುಬಿದ್ದಿದ್ದ. ಕೆಲವೇ ತಿಂಗಳಲ್ಲಿ ಅಲ್ಲಿಗೆ ಬಂದ ಕವಿಗೆ ಈ ಸುದ್ದಿ ಕಿವಿಗೆ ಬೀಳದಿರಲು ಸಾಧ್ಯವಿಲ್ಲ. ಹಾಡು ನೇರವಾಗಿ ಹಾಫ್‌ಮೈಸ್ಟರ್‌ನದೇ ಕಥೆ ಎನ್ನುವುದು ಇತಿಹಾಸಕಾರರ ನಡುವೆ ಇನ್ನೂ ವಾದದ ವಿಷಯ. ಆದರೆ ಒಡೆಯ, ಪೊಲೀಸು ಒಂದು ಬದಿ, ಗತಿಯಿಲ್ಲದವನು ಇನ್ನೊಂದು ಬದಿ ಎಂಬ ಆ ನಕ್ಷೆ ಸುಮ್ಮನೆ ಬಂದದ್ದಲ್ಲ. ಅಂದು ಕವಿ ಉಂಡದ್ದು ಒಡೆಯನ ಮನೆಯಲ್ಲಿ, ಹಾಡು ಬರೆದದ್ದು ಅಲೆಮಾರಿಯ ಪರ. ಈ ಇಬ್ಬಂದಿ ಪ್ಯಾಟರ್ಸನ್ನನಿಗೆ ಹೊಸದಲ್ಲ: 1889ರಲ್ಲೇ ದೊಡ್ಡ ಭೂಮಾಲೀಕರ ಹಿಡಿತವನ್ನು ಟೀಕಿಸಿ ಒಂದು ಕರಪತ್ರ ಹೊರಡಿಸಿದ್ದವನು ಅವನು.

ಇಷ್ಟು ದೊಡ್ಡ ಹಾಡಿನಿಂದ ಎಷ್ಟು ಗಳಿಸಿದ? ರಾಷ್ಟ್ರಗೀತೆ ಯಾಕಾಗಲಿಲ್ಲ?

ಗಳಿಕೆ ಅತ್ಯಲ್ಪ. ಹಳೆಯ ಕೆಲವು ಬರಹಗಳ ಜೊತೆ ಇದನ್ನೂ ಸೇರಿಸಿ ಐದು ಪೌಂಡಿಗೆ ಪ್ರಕಾಶಕರಿಗೆ ಕೊಟ್ಟುಬಿಟ್ಟ ಎಂಬ ಮಾತಿದೆ. 1903ರಲ್ಲಿ ‘ಬಿಲ್ಲಿ ಟೀ’ ಮಾರುತ್ತಿದ್ದ ಚಹಾ ಕಂಪನಿಯೊಂದು ಜಾಹೀರಾತಿಗೆ ಬಳಸಿಕೊಂಡಿತು. ಇಂದು ಜನ ಹಾಡುವುದು ಆಗ ಮೇರಿ ಕೋವನ್ ಸ್ವಲ್ಪ ತಿದ್ದಿ ಹೊಂದಿಸಿದ ರೂಪವನ್ನು.

1977ರಲ್ಲಿ ರಾಷ್ಟ್ರೀಯ ಹಾಡು ಯಾವುದಿರಬೇಕೆಂದು ಮತ ಕೇಳಿದಾಗ ‘ಅಡ್ವಾನ್ಸ್ ಆಸ್ಟ್ರೇಲಿಯಾ ಫೇರ್’ಗೆ ಶೇ. 43, ಇದಕ್ಕೆ ಶೇ. 28. ಕುರಿ ಕದ್ದವನ ಆತ್ಮಹತ್ಯೆಯನ್ನು ಎದ್ದು ನಿಂತು ಹಾಡುವುದು ಹೇಗೆಂದು ಅನೇಕರಿಗೆ ಅನಿಸಿರಬೇಕು. ಬ್ರಿಟಿಷ್ ರಾಣಿಯ ಗೀತೆಗಿಂತ ಹೆಚ್ಚು ಮತವನ್ನಂತೂ ಪಡೆಯಿತು.

## ಯುದ್ಧ ಮತ್ತು ಕುದುರೆ

ಪದ್ಯ ಬಿಟ್ಟು ಬೇರೇನು ಮಾಡಿದ?

1899ರಲ್ಲಿ ‘ಸಿಡ್ನಿ ಮಾರ್ನಿಂಗ್ ಹೆರಾಲ್ಡ್’ ಮತ್ತು ಮೆಲ್ಬರ್ನಿನ ‘ಏಜ್’ ಪತ್ರಿಕೆಗಳ ವರದಿಗಾರನಾಗಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧಕ್ಕೆ ಹೋದ. ಮುತ್ತಿಗೆಯಿಂದ ಕಿಂಬರ್ಲಿಯ ಬಿಡುಗಡೆ, ಬ್ಲೂಮ್‌ಫಾಂಟೇನ್‌ನ ಶರಣಾಗತಿ ಎರಡನ್ನೂ ಕಣ್ಣಾರೆ ಕಂಡು ಬರೆದ. ಇಂಗ್ಲಿಷ್ ಕವಿ ಕಿಪ್ಲಿಂಗ್ ಪರಿಚಯವಾದದ್ದು ಅಲ್ಲೇ. ಯುದ್ಧವನ್ನು ವಿರೋಧಿಸುತ್ತಿದ್ದ ಲೇಖಕಿ ಆಲಿವ್ ಶ್ರೈನರ್‌ಳನ್ನೂ ಕಂಡು ಅವಳ ಮಾತನ್ನು ಓದುಗರಿಗೆ ಮುಟ್ಟಿಸಿದ. ಸಾಮ್ರಾಜ್ಯದ ಜಯಘೋಷದ ನಡುವೆ ಇದು ಸಣ್ಣ ಕೆಲಸವಲ್ಲ. 1901ರಲ್ಲಿ ಚೀನಾ, ಅಲ್ಲಿಂದ ಇಂಗ್ಲೆಂಡ್. ಮರಳಿ ಬಂದವನು ವಕೀಲಿಗೆ ವಿದಾಯ ಹೇಳಿದ. 1903ರಲ್ಲಿ ಟೆಂಟರ್‌ಫೀಲ್ಡಿನ ಆಲಿಸ್ ವಾಕರ್‌ಳನ್ನು ಮದುವೆಯಾದ, ಸಿಡ್ನಿಯ ‘ಈವ್ನಿಂಗ್ ನ್ಯೂಸ್’ ಸಂಪಾದಕನಾದ. ಮಗಳು, ಮಗ ಹುಟ್ಟಿದರು.

1908ರಲ್ಲಿ ಪಟ್ಟಣ ಬಿಟ್ಟು ವೀ ಜಾಸ್ಪರ್ ಬಳಿ 40,000 ಎಕರೆಯ ಜಮೀನು ಹಿಡಿದ. ಕ್ಲಾನ್ಸಿಯ ಜೊತೆ ಜಾಗ ಬದಲಿಸುವ ಆಸೆ ಕೊನೆಗೂ ಈಡೇರಿತೆನ್ನಿ, ಲಾಭ ಮಾತ್ರ ಬರಲಿಲ್ಲ. ಮೂರೇ ವರ್ಷಕ್ಕೆ ಅದು ಕೈಬಿಟ್ಟಿತು. ಎರಡು ಕಾದಂಬರಿ, ಮಕ್ಕಳಿಗಾಗಿ 1933ರಲ್ಲಿ ‘ದಿ ಆ್ಯನಿಮಲ್ಸ್ ನೋವಾ ಫರ್ಗಾಟ್’, ಮರುವರ್ಷ ‘ಹ್ಯಾಪಿ ಡಿಸ್ಪ್ಯಾಚಸ್’ ಎಂಬ ನೆನಪುಗಳು ಬಂದವು. ಇವೆಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನನಗೆ ಕಾಣುವುದು 1905ರ ‘ಓಲ್ಡ್ ಬುಷ್ ಸಾಂಗ್ಸ್’: ಕೊಟ್ಟಿಗೆಗಳಲ್ಲಿ, ದಾರಿಯಲ್ಲಿ ಹಾಡುತ್ತಿದ್ದ, ಕರ್ತೃಗಳ ಹೆಸರಿಲ್ಲದ ಪದಗಳನ್ನು ಹುಡುಕಿ ಅಚ್ಚಿಗೆ ಹಾಕಿದ ಸಂಗ್ರಹ.

ಮೈಸೂರು ಲ್ಯಾನ್ಸರ್ಸ್ ಇದ್ದ ಯುದ್ಧರಂಗದಲ್ಲೇ ಇದ್ದ ಎನ್ನುತ್ತಾರೆ, ಸರಿಯಾ?

ಸರಿ. ಮೊದಲನೇ ಮಹಾಯುದ್ಧ ಶುರುವಾದಾಗ ಅವನಿಗೆ ಐವತ್ತು. ವರದಿಗಾರನಾಗಲು ಅವಕಾಶ ಸಿಗದೆ ಫ್ರಾನ್ಸಿನ ವಿಮರೊದ ಆಸ್ಟ್ರೇಲಿಯನ್ ಆಸ್ಪತ್ರೆಗೆ ಆಂಬುಲೆನ್ಸ್ ಓಡಿಸಿದ. 1915ರಲ್ಲಿ ಸೇನೆಯ ಕುದುರೆ ಪೂರೈಕೆ ದಳ ಸೇರಿ ಈಜಿಪ್ಟಿಗೆ ಹೋದ, ಮೇಜರ್ ಆಗಿ ಆ ದಳವನ್ನು ನಡೆಸಿ 1919ರಲ್ಲಿ ಊರಿಗೆ ಮರಳಿದ. ಹಡಗಿನಿಂದ ಇಳಿದ ಕುದುರೆಗಳನ್ನು ಪಳಗಿಸಿ, ಸವಾರಿಗೆ ಹದಮಾಡಿ ಅಶ್ವದಳಗಳಿಗೆ ಒಪ್ಪಿಸುವುದು ಅವರ ಕೆಲಸ. ದಳದಲ್ಲಿ ವಯಸ್ಸಾದವರೇ ಹೆಚ್ಚೆಂದು ಉಳಿದವರು ಅವರಿಗೆ ಬಗೆಬಗೆಯ ಅಡ್ಡಹೆಸರಿಟ್ಟು ಗೇಲಿ ಮಾಡುತ್ತಿದ್ದರು. ಹೆಂಡತಿ ಆಲಿಸ್ ಅಲ್ಲೇ ಇಸ್ಮಾಯಿಲಿಯಾದ ಆಸ್ಪತ್ರೆಯೊಂದರಲ್ಲಿ ಸೇವೆಗಿದ್ದಳು.

ಇದೇ ರಂಗದಲ್ಲಿ, ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶಾವೆಲ್‌ನ ಮರುಭೂಮಿ ಅಶ್ವದಳದ ಅಂಗವಾಗಿ ಮೈಸೂರು ಸಂಸ್ಥಾನದ ಕುದುರೆ ಸವಾರರಾದ ಮೈಸೂರು ಲ್ಯಾನ್ಸರ್ಸ್ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಬಂದರು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಹೈದರಾಬಾದ್, ಜೋಧಪುರಗಳ ಸವಾರರ ನೆನಪಿಗೆ ನಿಂತವು. ಕುದುರೆಗಳ ನಂಟು ಇನ್ನೂ ಹಳೆಯದು: ನ್ಯೂ ಸೌತ್ ವೇಲ್ಸ್‌ನಿಂದ ಬರುತ್ತಿದ್ದ ‘ವೇಲರ್’ ಕುದುರೆಗಳು ಹತ್ತೊಂಬತ್ತನೇ ಶತಮಾನದಲ್ಲೇ ಮದ್ರಾಸ್, ಕಲ್ಕತ್ತಾ ಬಂದರುಗಳಲ್ಲಿ ಇಳಿದು ಭಾರತದ ಸೇನೆ ಸೇರುತ್ತಿದ್ದವು. ಯುದ್ಧಕ್ಕೆಂದು ಆಸ್ಟ್ರೇಲಿಯಾದಿಂದ ಸುಮಾರು 1,36,000 ಕುದುರೆಗಳು ಹೋದವು. ಮರಳಿದ್ದು ಸ್ಯಾಂಡಿ ಎಂಬ ಒಂದೇ ಕುದುರೆ.

## ಇನ್ನೂ ಆಳಕ್ಕೆ

ನಿಜವಾಗಿ ದೊಡ್ಡ ಕವಿಯಾ, ಪ್ರಾಸ ಹೊಂದಿಸುವವನಾ?

ವಿಮರ್ಶಕರು ಬಹುಕಾಲ ಎರಡನೆಯದನ್ನೇ ಹೇಳಿದರು. ಆಂತರ್ಯದ ತೊಳಲಾಟ, ಪ್ರತಿಮೆಗಳ ಸಂಕೀರ್ಣತೆ ಹುಡುಕುವವರಿಗೆ ಇವನಲ್ಲಿ ನಿರಾಸೆಯೇ. ಭಾವಗೀತೆಗೆ ಕೈ ಹಾಕಿದಾಗಲೆಲ್ಲ ಅವನು ಮಂಕಾಗುತ್ತಾನೆ, ದೇಶಭಕ್ತಿಯ ಪದ್ಯಗಳು ಈಗ ಓದಿಸಿಕೊಳ್ಳುವುದಿಲ್ಲ. ಆದರೆ ಕಥನಪದ್ಯದ ಕಸುಬು ಬೇರೆ. ಮೊದಲ ಎರಡು ಸಾಲಿನಲ್ಲಿ ಜಾಗ, ಜನ, ತೊಡಕು ಮೂರನ್ನೂ ಕೂರಿಸುವುದು, ಎಲ್ಲಿ ವೇಗ, ಎಲ್ಲಿ ನಿಲುಗಡೆ ಎಂದು ತಿಳಿದಿರುವುದು, ಆಡುಮಾತನ್ನು ಕೆಡಿಸದೆ ಛಂದಸ್ಸಿಗೆ ಒಗ್ಗಿಸುವುದು. ‘ಗೀಬಂಗ್ ಪೋಲೋ ಕ್ಲಬ್’ನಲ್ಲಿ ಹಳ್ಳಿ ತಂಡವೂ ಪಟ್ಟಣದ ಶೋಕಿ ತಂಡವೂ ಸೋಲೊಪ್ಪದೆ ಆಡಿ ಆಡಿ ಎಲ್ಲರೂ ಸಾಯುತ್ತಾರೆ, ಆಮೇಲೆ ದೆವ್ವಗಳಾಗಿ ಆಟ ಮುಂದುವರಿಸುತ್ತಾರೆ. ಇಂಥ ಅಸಂಬದ್ಧವನ್ನು ಮುಖ ಗಂಭೀರ ಮಾಡಿಕೊಂಡು ಹೇಳುವುದು ಸಣ್ಣ ಪ್ರತಿಭೆಗೆ ಆಗುವಂಥದಲ್ಲ.

ಅವನ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಎಲ್ಲಿ?

ಬಹುಮಟ್ಟಿಗೆ ಇಲ್ಲ. ಇದ್ದಲ್ಲಿಯೂ ಆ ಕಾಲದ ಬಿಳಿಯರ ತಾತ್ಸಾರದ ಬಣ್ಣದಲ್ಲೇ ಇದ್ದಾರೆ, ಚೀನೀಯರೂ ಹಾಗೆಯೇ. ಅವನನ್ನು ಬೆಳೆಸಿದ ಬುಲೆಟಿನ್ 1908ರಿಂದ ತನ್ನ ಹೆಸರಿನಡಿ ‘ಬಿಳಿಯರಿಗಾಗಿ ಆಸ್ಟ್ರೇಲಿಯಾ’ ಎಂಬ ಘೋಷಣೆಯನ್ನೇ ದಶಕಗಳ ಕಾಲ ಅಚ್ಚು ಹಾಕಿತು. ಖಾಲಿ ಬಯಲು, ಅದರ ಮೇಲೆ ಬಿಳಿ ಸವಾರ ಎಂಬ ಚಿತ್ರ ಸುಂದರವಾಗಿ ಕಾಣಬೇಕಾದರೆ ಆ ಬಯಲಿನಲ್ಲಿ ಮೊದಲೇ ಇದ್ದವರನ್ನು ಅಳಿಸಬೇಕಾಗುತ್ತದೆ. ಹೆಂಗಸರೂ ಅವನಲ್ಲಿ ಅಪರೂಪ. ಅವರ ಬಾಳನ್ನು ಓದಬೇಕಾದರೆ ಲಾಸನ್‌ನ ಕಥೆಗಳಿಗೆ ಹೋಗಬೇಕು. ಇಂದು ಪ್ಯಾಟರ್ಸನ್ನನನ್ನು ಪಾಠ ಮಾಡುವವರು ಇದನ್ನು ಹೇಳದೆ ಮುಂದೆ ಹೋಗಬಾರದು.

ಕಾಡುಕುದುರೆ ಕೊಲ್ಲುವ ವಿವಾದದಲ್ಲಿ ಈ ಪದ್ಯದ ಹೆಸರು ಯಾಕೆ ಬರುತ್ತದೆ?

ಕಾಸಿಯುಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಕಾಡುಕುದುರೆಗಳು ಸಾವಿರಗಟ್ಟಲೆ ಬೆಳೆದಿವೆ. ಕುದುರೆ ಆ ಖಂಡದ ಮೂಲ ಪ್ರಾಣಿಯಲ್ಲ. ಗೊರಸಿನ ತುಳಿತಕ್ಕೆ ಎತ್ತರದ ಜೌಗು ನೆಲ, ತೊರೆಯ ದಂಡೆ ಹಾಳಾಗುತ್ತವೆ, ಅಲ್ಲಷ್ಟೇ ಬದುಕುವ ಕೊರೊಬೊರಿ ಕಪ್ಪೆಯಂಥ ಜೀವಿಗಳಿಗೆ ಕುತ್ತು ಎಂಬುದು ವಿಜ್ಞಾನಿಗಳ ವಾದ. ಕುದುರೆಗಳು ನಮ್ಮ ಪರಂಪರೆ ಎನ್ನುವವರು ಮೊದಲು ಎತ್ತಿಕೊಳ್ಳುವುದು ಪ್ಯಾಟರ್ಸನ್ನನ ಪದ್ಯವನ್ನು. ಅವುಗಳ ಪಾರಂಪರಿಕ ಮೌಲ್ಯ ಒಪ್ಪಿ 2018ರಲ್ಲಿ ನ್ಯೂ ಸೌತ್ ವೇಲ್ಸ್ ಕಾನೂನನ್ನೇ ಮಾಡಿತು. 2023ರಲ್ಲಿ ಅದೇ ರಾಜ್ಯ ಹೆಲಿಕಾಪ್ಟರಿನಿಂದ ಗುಂಡಿಕ್ಕಲು ಅನುಮತಿ ಕೊಟ್ಟಿತು. ಪದ್ಯವನ್ನು ನಿಧಾನವಾಗಿ ಓದಿದರೆ ಅದರಲ್ಲಿ ಕಾಡುಕುದುರೆಗಳು ಪೂಜೆಯ ವಸ್ತುಗಳಲ್ಲ, ಒಂದು ಬೆಲೆಬಾಳುವ ಮರಿಯನ್ನು ಸೆಳೆದೊಯ್ದ ಉಪದ್ರವ. ಈ ಮಾತನ್ನು ಇತ್ತಂಡದವರೂ ಅಷ್ಟಾಗಿ ಎತ್ತುವುದಿಲ್ಲ.

ಕನ್ನಡಕ್ಕೆ ತರಬಹುದಾ? ಅನುಮತಿ ಬೇಕಾ? ಛಂದಸ್ಸು ಏನು ಮಾಡುವುದು?

ಅನುಮತಿ ಬೇಡ. ಭಾರತದಲ್ಲಿ ಲೇಖಕ ತೀರಿಕೊಂಡ ಅರವತ್ತು ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಆದ್ದರಿಂದ 2002ರಿಂದ ಅವನ ಪ್ರಕಟಿತ ಪದ್ಯಗಳು ಎಲ್ಲರವು.

ಕಷ್ಟ ಇರುವುದು ಕಿವಿಯ ಕೆಲಸದಲ್ಲಿ. ಗದ್ಯದಲ್ಲಿ ಕಥೆ ಉಳಿಯುತ್ತದೆ, ಕುದುರೆ ಮಾತ್ರ ನಿಂತುಬಿಡುತ್ತದೆ. ಇಂಗ್ಲಿಷಿನ ಒತ್ತಿನ ಲಯವನ್ನು ಹಾಗೇ ತರಲಾಗದು, ಆದರೆ ನಮ್ಮ ಮಾತ್ರಾಗಣಗಳಲ್ಲಿ ಸಮನಾದ ಓಟವಿದೆ. ‘ಸ್ನೋಯಿ ರಿವರ್’ನ ಇಳಿಜಾರಿಗೆ ಮೂರು ಮಾತ್ರೆಯ ಉತ್ಸಾಹ ರಗಳೆಯ ನಡೆ ಹೊಂದೀತು. ಸಾವಧಾನದ ಭಾಗಗಳಿಗೆ ಮೂರು–ನಾಲ್ಕರ ಭಾಮಿನಿಯ ನಡೆ ಸರಿ, ಕುಮಾರವ್ಯಾಸನ ಯುದ್ಧವರ್ಣನೆ ಕೇಳಿದವರಿಗೆ ಅದರಲ್ಲಿ ಎಷ್ಟು ಕಸುವಿದೆಯೆಂದು ಗೊತ್ತು. ‘ಕ್ಲಾನ್ಸಿ’ಯಲ್ಲಿ ಸಾಲಿನೊಳಗೇ ಪ್ರಾಸ ಬರುತ್ತದೆ. ಅಲ್ಲಿ ಅಂತ್ಯಪ್ರಾಸಕ್ಕೆ ಜೋತುಬೀಳುವ ಬದಲು ಆದಿಪ್ರಾಸ ಹಿಡಿದರೆ ಕನ್ನಡದ ಕಿವಿಗೆ ಹತ್ತಿರ.

ಮರಗಳ ಹೆಸರು, ಊರುಗಳ ಹೆಸರು ಹಾಗೇ ಇರಲಿ, ವಾಟಲ್ ಮರವನ್ನು ಜಾಲಿ ಮಾಡಬೇಡಿ, ಲಾಕ್ಲನ್ ನದಿಯನ್ನು ತುಂಗೆಗೆ ತಿರುಗಿಸಬೇಡಿ. ಮೊದಲ ಪ್ರಯತ್ನಕ್ಕೆ ‘ಮಲ್ಗಾ ಬಿಲ್’ ತೆಗೆದುಕೊಳ್ಳಿ: ಪದ್ಯ ಚಿಕ್ಕದು, ಮಾತು ಆಡುನುಡಿಯದು. ಬರೆದದ್ದನ್ನು ಯಾರಿಗಾದರೂ ಜೋರಾಗಿ ಓದಿ ಹೇಳಿ, ಸೈಕಲ್ಲು ಹಳ್ಳಕ್ಕೆ ಬೀಳುವಲ್ಲಿ ಅವರು ನಗದಿದ್ದರೆ ಆ ಸಾಲನ್ನು ಮತ್ತೆ ಬರೆಯಿರಿ.